ಉಪ್ಪು ಹುಡುಕಿ ಹೊರಟವರು

ಹದಿನಾಲ್ಕು, ಮಂಗಳವಾರ.

ಇವತ್ತೂ ಊಟ ಸಪ್ಪೆ. ಕಳೆದ ತಿಂಗಳು ಅಣ್ಣನಿಗೆ ಪಾರ್ಶ್ವವಾಯು ಬಡಿದು ಬಾಯಿ ಒಂದು ಕಡೆಗೆ ವಾಲಿದಾಗಿನಿಂದ ನಮ್ಮ ಅಡುಗೆಮನೆಗೂ ಗ್ರಹಣ ಹಿಡಿದಿದೆ. ಅವನೇನೋ ಚೇತರಿಸಿಕೊಂಡ. ನನಗೂ ಬಿಪಿ ಇದೆಯೆಂದು ಡಾಕ್ಟರು ಹೇಳಿದ್ದೇ ತಡ, ಉಪ್ಪಿನಕಾಯಿ ಜಾಡಿ ಮಾಯವಾಯಿತು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವನು ಸಂಜೆ ನಡೆಯಲೇಬೇಕಂತೆ.

ಸರಿ, ಅಣ್ಣನ ಮನೆಯವರೆಗೇ ನಡೆಯೋಣ, ಅತ್ತಿಗೆಯ ಜಾಡಿಯಾದರೂ ಸಿಕ್ಕೀತು ಎಂದುಕೊಂಡೆ. "ವಾಕಿಂಗ್ ಹೋಗ್ಬರ್ತೀನಿ" ಎಂದರೆ ಹೆಂಡತಿ ತಲೆಯೆತ್ತಲೂ ಇಲ್ಲ.

ಸೇತುವೆಯ ಮೇಲೆ ಅಣ್ಣನೇ ಎದುರಾದ. ಕೋಲೂರಿಕೊಂಡು ಬಿರಬಿರನೆ ಬರುತ್ತಿದ್ದ.

"ಎಲ್ಲಿಗೋ?"

"ನಿಮ್ಮನೆಗೇ. ಅತ್ತಿಗೆ ಉಪ್ಪಿನಕಾಯಿ..."

ಅವನ ಮುಖ ಸಣ್ಣದಾಯಿತು. "ಅದನ್ನೆಲ್ಲ ಪಕ್ಕದ ಮನೆಗೆ ದಾನ ಮಾಡಿದ್ದಾಳೆ ಕಣೋ. ನಾನು ನಿಮ್ಮನೆ ನಂಬ್ಕೊಂಡು ಹೊರಟೆ."

ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ತುಟಿಯ ಎರಡೂ ತುದಿ ಸಮನಾಗಿ ಮೇಲೇರಿದವು. ಆಸ್ಪತ್ರೆಯಲ್ಲಿ ಅವನು ನನ್ನ ಹೆಸರು ಹೇಳಲಾರದೆ ತೊದಲಿದ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದದ್ದು ಆಗಲೇ.

"ಏನೋ ಹಾಗೆ ನೋಡ್ತೀಯ?"

"ಏನಿಲ್ಲ. ಇನ್ನೊಂದ್ಸಲ ನಗು."

"ತಲೆ ಕೆಟ್ಟಿದೆಯಾ ನಿಂಗೆ" ಎಂದ. ಆದರೂ ನಕ್ಕ.

ಮನೆಗೆ ಬಂದರೆ ಹೆಂಡತಿ ಫೋನಿನಲ್ಲಿ ಅತ್ತಿಗೆಗೆ ಹೇಳುತ್ತಿದ್ದಳು: "ಹೂಂ ಅಕ್ಕಾ, ಇವರೂ ಬಂದ್ರು. ನಾಳೆನೂ ಇದೇ ಹೊತ್ತಿಗೆ ಬಿಡೋಣ."

ದನ ಮೇಯಲು ಬಿಟ್ಟ ಹಾಗೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾಲು ನೋಯುತ್ತಿದೆ, ಬರೆಯುತ್ತಿದ್ದ ಹಾಗೇ ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆ ಅಣ್ಣ ಸುಸ್ತಾಗದಿದ್ದರೆ ಸೇತುವೆ ದಾಟಿ ಇನ್ನೂ ಸ್ವಲ್ಪ...