ಪೂರ್ವದ ಗೋಡೆ, ಮೂರನೇ ಮೆಟ್ಟಿಲು

ಮೇ ೧೭, ಶನಿವಾರ
ಮಧ್ಯಾಹ್ನ

ಇವರಿಗೆ,

ಏಕವಚನದಲ್ಲಿ ಬರೆಯಬೇಕೆಂದೇ ಕೂತಿದ್ದೆ. ‘ನೀನು’ ಎಂದು ಎರಡು ಸಲ ಬರೆದು ಹೊಡೆದುಹಾಕಿದೆ. ಹದಿನಾರು ವರ್ಷದ ಸಂಸಾರದ ಅಭ್ಯಾಸ, ಕೈ ಬರಲಿಲ್ಲ. ಬಹುವಚನ ಕಂಡು ಇವಳಿಗೆ ನನ್ನ ಮೇಲೆ ಇನ್ನೂ ಮರ್ಯಾದೆ ಇದೆ ಎಂದುಕೊಳ್ಳಬೇಡಿ. ನೀವು ಕ್ಷೇಮವೇ ಎಂದೂ ಕೇಳುವುದಿಲ್ಲ. ಕ್ಷೇಮವಾಗಿಯೇ ಇರುತ್ತೀರಿ, ನಿಮ್ಮಂಥವರಿಗೆ ಏನೂ ಆಗುವುದಿಲ್ಲ.

ಅಪ್ಪನ ಕಲ್ಲು ಸಿಕ್ಕಿದೆ.

ಎಲ್ಲಿ ಸಿಕ್ಕಿತು ಎಂದು ಆಶ್ಚರ್ಯದ ನಾಟಕ ಆಡಬೇಡಿ. ಜನವರಿಯಲ್ಲಿ ಹಲ್ಲಿನ ಡಾಕ್ಟರ ಸಂಗ್ರಹ ನಮ್ಮ ಮ್ಯೂಸಿಯಂಗೆ ಬಂತು. ತಿಂಗಳಿಗೊಮ್ಮೆ ನಿಮ್ಮ ಕಲ್ಲು ಹರಳಿನ ಅಂಗಡಿಗೆ ಬಂದು, ಪ್ರತಿ ಕಲ್ಲನ್ನೂ ರೋಗಿಯ ಬಾಯಿ ನೋಡುವ ಹಾಗೆ ದೀಪ ಹಿಡಿದು ನೋಡುತ್ತಿದ್ದರಲ್ಲ, ಅದೇ ಡಾಕ್ಟರು. ತೀರಿಕೊಂಡರು. ಉಯಿಲಿನಲ್ಲಿ ಕಲ್ಲುಗಳನ್ನೆಲ್ಲ ನಮಗೆ ಬರೆದಿದ್ದರು. ಅರವತ್ತೆರಡು ಪೆಟ್ಟಿಗೆ. ಒಂದೊಂದನ್ನೇ ಬಿಚ್ಚಿ, ಕಲ್ಲು ತೂಗಿ, ಜೊತೆಗಿರುವ ಚೀಟಿಯನ್ನು ದಾಖಲೆ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಮೂವತ್ತೊಂದನೇ ಪೆಟ್ಟಿಗೆಯಲ್ಲಿ, ಹತ್ತಿಯ ನಡುವೆ ಅದು ಮಲಗಿತ್ತು.

ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಹೆಬ್ಬೆರಳಿನಷ್ಟು ಗಾತ್ರ, ಆದರೆ ಅಂಗೈಯಲ್ಲಿಟ್ಟರೆ ಕೈ ಕೆಳಕ್ಕೆ ಜಗ್ಗುತ್ತದೆ. ಹೆಚ್ಚು ಸುಟ್ಟ ಇಟ್ಟಿಗೆಯ ಕಂದು ಬಣ್ಣ, ಮುರಿದ ಕಡೆ ಮರದ ಅಂಟು ಬಳಿದ ಹಾಗೆ ಮಿರುಗು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು. ಆ ಗೀರು ನನ್ನದು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಚಾಕು ಕದ್ದು ಗೀಚಿದ್ದೆ. ಗಟ್ಟಿ ಕಲ್ಲು, ಹಲ್ಲು ಕಚ್ಚಿ ಚಾಕು ಒತ್ತಿದ ಮೇಲೇ ಗೆರೆ ಮೂಡಿದ್ದು.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಒಂದು ಸಲವಾದರೂ ಪೂರ್ತಿ ಕೇಳಿಸಿಕೊಳ್ಳಿ. ಅಪ್ಪ ಕಲ್ಲುಗಣಿಯಲ್ಲಿ ಮದ್ದು ಸಿಡಿಸುವ ಕೆಲಸದಲ್ಲಿದ್ದರು. ಅಲ್ಲಿನ ಕಲ್ಲೆಲ್ಲ ಜಲ್ಲಿಯಾಗಿ ರಸ್ತೆಗೆ ಹೋಗುತ್ತಿತ್ತು. ಒಂದು ದಿನ, ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದ ಗಣಿಯ ಪೂರ್ವದ ಗೋಡೆ ಸಿಡಿದಾಗ ದೊಡ್ಡ ದೊಡ್ಡ ಹರಳುಗಳ ಬಿಳಿ ಪಟ್ಟೆಯೊಂದು ಕಾಣಿಸಿತು. ಅದರೊಳಗೆ ಈ ಕಂದು ಹರಳು. ಇದು ರಸ್ತೆಗೆ ಹೋಗುವ ಕಲ್ಲಲ್ಲ ಎಂದು ಅಪ್ಪನಿಗೆ ಅನಿಸಿತಂತೆ. ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದರು. ಭಾರಕ್ಕೆ ಜೇಬಿನ ಹೊಲಿಗೆ ಬಿಟ್ಟುಹೋಗಿತ್ತು, ಅಮ್ಮ ಬೈದಳು. ನಾನು ಒಂದು ವಾರ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಆಮೇಲೆ ಗಣಿಗೆ ಬಂದ ಸರ್ವೆಯವರೊಬ್ಬರು ಟಿಕ್ ಟಿಕ್ ಎನ್ನುವ ಪೆಟ್ಟಿಗೆಯನ್ನು ಅದರ ಹತ್ತಿರ ಹಿಡಿದು ನೋಡಿ, ಇದು ಮೊನಜೈಟ್, ಅಪರೂಪದ ಲೋಹಗಳ ಫಾಸ್ಫೇಟು, ಒಳಗೆ ಥೋರಿಯಂ ಇದೆ, ಮಗುವಿನ ತಲೆದಿಂಬಿಗೆ ಒಳ್ಳೆಯದಲ್ಲ ಎಂದರು. ಕಡಲ ತೀರದ ಮರಳಲ್ಲಿ ಇದು ಸಾಸಿವೆಗಿಂತ ಸಣ್ಣ ಕಾಳಾಗಿ ಸಿಗುತ್ತದಂತೆ. ಇಷ್ಟು ದೊಡ್ಡದನ್ನು ಅವರೂ ಕಂಡಿರಲಿಲ್ಲ. ಅಪ್ಪ ಅದನ್ನು ತಗಡಿನ ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟರು. ಜೊತೆಗೆ ಒಂದು ಚೀಟಿ. ಅಪ್ಪನಿಗೆ ಬರೆಯುವುದೆಂದರೆ ಬಂಡೆ ಕೊರೆದಷ್ಟೇ ಕಷ್ಟ. ಆದರೂ ಬರೆದಿದ್ದರು: ‘ಪೂರ್ವದ ಗೋಡೆ, ಮೂರನೇ ಮೆಟ್ಟಿಲು. ಬಿಳಿ ಕಲ್ಲಿನ ಒಳಗೆ. ಭಾರ ಇದೆ. ಮಗಳಿಗೆ.’

ಅಪ್ಪ ಹೋದ ಮೇಲೆ ಆ ಡಬ್ಬಿ ನನ್ನ ಜೊತೆ ನಮ್ಮ ಮನೆಗೆ ಬಂತು. ಮನೆ ಬದಲಾಯಿಸಿದ ವರ್ಷ ಅದು ಕಳೆದುಹೋಯಿತು ಎಂದಿರಿ. ಸಾಮಾನು ಹೊತ್ತವರ ಮೇಲೆ ಹೇಳಿದಿರಿ. ಆ ಪಾಪದವರು ಮತ್ತೆ ಬಂದು, ಗೋಣಿಚೀಲಗಳನ್ನು ನನ್ನೆದುರೇ ಕೊಡವಿ ತೋರಿಸಿ, ತಲೆ ತಗ್ಗಿಸಿಕೊಂಡು ಹೋದರು. ಅದನ್ನಾದರೂ ಸಹಿಸಬಲ್ಲೆ. ಆದರೆ ನೀವೂ ನನ್ನ ಜೊತೆ ಹುಡುಕಿದಿರಿ. ಟಾರ್ಚು ಹಿಡಿದು ಮಂಚದ ಕೆಳಗೆ ತೂರಿದಿರಿ. ಮೊಣಕೈಗೆ ಧೂಳು ಮೆತ್ತಿಕೊಂಡು ಹೊರಗೆ ಬಂದು ಇಲ್ಲಿಲ್ಲ ಕಣೇ ಎಂದಿರಿ. ನಾನು ಅಳುತ್ತಾ ನಿಮ್ಮ ತೋಳಿನ ಧೂಳು ಒರೆಸಿದೆ. ಕಲ್ಲನ್ನು ಅಷ್ಟರಲ್ಲಿ ಮಾರಿಯಾಗಿತ್ತು. ಕದ್ದಿರಿ, ಇರಲಿ. ಹುಡುಕಿದ್ದು ಯಾಕೆ?

ಈಗ ಚೀಟಿಯ ವಿಷಯ. ಮೂವತ್ತೊಂದನೇ ಪೆಟ್ಟಿಗೆಯ ಚೀಟಿಯಲ್ಲಿ ಅಪ್ಪನ ಗಣಿಯ ಹೆಸರಿರಲಿಲ್ಲ. ಎಲ್ಲ ಪುಸ್ತಕಗಳಲ್ಲೂ ಚಿತ್ರವಿರುವ, ಅರವತ್ತು ವರ್ಷದ ಹಿಂದೆ ಮುಚ್ಚಿಹೋದ ಆ ದೊಡ್ಡ ಗಣಿಯ ಹೆಸರಿತ್ತು. ದಕ್ಷಿಣದ ಗುಂಡಿ, ಇಷ್ಟು ಅಡಿ ಆಳ. ಹಳದಿ ಕಾಗದ, ಮಾಸಿದ ಶಾಯಿ, ಹಳೆಯ ಕಾಲದವರ ಬಾಗಿದ ಅಕ್ಷರ. ಅಕ್ಷರ ಯಾರದೆಂದು ಗುರುತಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಅದು ನನ್ನದೇ.

ನೆನಪಿದೆಯಲ್ಲ? ಮೊದಲು ನೀವು ಹೇಳಿದ್ದು, ಹಳೇ ಚೀಟಿಗಳು ಪುಡಿಯಾಗುತ್ತಿವೆ, ಅದೇ ರೀತಿ ನಕಲು ಮಾಡಿಕೊಡು ಎಂದು. ಮಾಡಿಕೊಟ್ಟೆ. ಕಾಗದವನ್ನು ಚಹಾ ನೀರಿನಲ್ಲಿ ಅದ್ದಿ ಒಣಗಿಸುವ ಉಪಾಯ ನಾನೇ ಕಂಡುಹಿಡಿದೆ, ನೀವು ಹೊಗಳಿದಿರಿ, ನಾನು ಉಬ್ಬಿದೆ. ಆಮೇಲಾಮೇಲೆ ನಕಲು ಮಾಡಲು ಮೂಲ ಚೀಟಿಯೇ ಇಲ್ಲದ ಕಲ್ಲುಗಳು ಬಂದವು. ಒಂದು ಭಾನುವಾರ ಕೇಳಿದೆ, ಇದು ಎಲ್ಲಿಂದ ಬಂದದ್ದು ಎಂದು ಬರೆಯಲಿ ಅಂತ. ನೀವು ಪೇಪರಿನಿಂದ ತಲೆ ಎತ್ತದೆ ಹೇಳಿದಿರಿ:

“ಎಲ್ಲಿಂದ ಬಂದಿದ್ರೆ ಚೆನ್ನಾಗಿರುತ್ತೆ, ನೀನೇ ಹೇಳು.”

ನಾನು ನಕ್ಕೆ. ಅದೂ ನೆನಪಿದೆ. ನಕ್ಕು ಬರೆದೆ. ಕಲ್ಲಿಗೆ ಹುಟ್ಟೂರು ಗೊತ್ತಿಲ್ಲದಿದ್ದರೆ ಅದು ಬರೀ ಚಂದದ ಕಲ್ಲು, ವಿಜ್ಞಾನಕ್ಕೆ ಮೂರು ಕಾಸಿನ ಉಪಯೋಗವಿಲ್ಲ ಎಂದು ಮ್ಯೂಸಿಯಂನಲ್ಲಿ ಶಾಲೆ ಮಕ್ಕಳಿಗೆ ದಿನಾ ಹೇಳುವವಳು ನಾನು. ಸಂಜೆ ಮನೆಗೆ ಬಂದು ಕಲ್ಲುಗಳಿಗೆ ಊರು ಹಂಚುತ್ತಿದ್ದೆ. ನಾವಿಬ್ಬರೂ ಹೊಂದಿಕೊಳ್ಳಲಿಲ್ಲ, ಅದಕ್ಕೆ ಮನೆ ಬಿಟ್ಟು ಬಂದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಹೊಂದಿಕೊಂಡದ್ದೇ ಹೆಚ್ಚಾಗಿತ್ತು.

ಅಂಥ ಒಂದು ಭಾನುವಾರ, ಹತ್ತು ಚೀಟಿಗಳ ನಡುವೆ, ಕಲ್ಲು ತೋರಿಸದೆ ಇದನ್ನೂ ಬರೆಸಿದಿರಿ. ಅಪ್ಪ ಕಷ್ಟಪಟ್ಟು ಬರೆದ ನಾಲ್ಕು ಮಾತನ್ನು ಮಗಳ ಕೈಯಿಂದಲೇ ಅಳಿಸಿಹಾಕಿದಿರಿ. ಬೇರೆ ಯಾರ ಕೈಯಿಂದಲಾದರೂ ಬರೆಸಬಹುದಿತ್ತಲ್ಲ? ಅಷ್ಟು ಸಂಕೋಚವೂ ಬರಲಿಲ್ಲವೇ?

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಕಲ್ಲನ್ನು ನೋಡಿಕೊಂಡು, ಗಾಜು ಒರೆಸಿಕೊಂಡು, ಹೇಗೋ ನಿವೃತ್ತಿಯವರೆಗೆ ದೂಡುತ್ತಿದ್ದೆ. ಆದರೆ ಒಬ್ಬ ಹುಡುಗಿ ಬಂದಳು.

ಮ್ಯೂಸಿಯಂ ಆವರಣದಲ್ಲೇ ಇರುವ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವವಳು. ಕನ್ನಡಕ ಎಷ್ಟು ದಪ್ಪವೆಂದರೆ ಲ್ಯಾಬಿನವರೆಲ್ಲ ಸೋಡಾಬುಡ್ಡಿ ಎನ್ನುತ್ತಾರೆ. ಫೋನು ಎತ್ತಿದರೆ ಅವಳೂ “ಸೋಡಾಬುಡ್ಡಿ ಮಾತಾಡ್ತಿರೋದು” ಎನ್ನುತ್ತಾಳೆ. ಆ ದೊಡ್ಡ ಗಣಿಯ ಬಂಡೆಗಳ ವಯಸ್ಸು ಅವಳ ವಿಷಯ. ಮೊನಜೈಟಿನಲ್ಲಿರುವ ಥೋರಿಯಂ ವರ್ಷ ವರ್ಷಕ್ಕೂ ಸವೆದು ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ಹರಳು ಎಂದು ಹುಟ್ಟಿತೆಂದು ಹೇಳಬಹುದು. ಮುಚ್ಚಿದ ಗಣಿಯ ಹರಳು ನಮ್ಮಲ್ಲಿದೆ ಎಂದು ಕೇಳಿ ಅವಳು ಕುಣಿಯುತ್ತಾ ಬಂದಳು. ಮ್ಯೂಸಿಯಂ ಮುಖ್ಯಸ್ಥರು ಒಂದು ಕಾಳಿನಷ್ಟು ಚೂರು ಕೊಡಲು ಒಪ್ಪಿದರು. ಸಿಕ್ಕಿದ ಜಾಗ ಇಂಥದು ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು.

ಆ ಗಣಿಯ ಬಂಡೆಗಳಿಗೆ ನೂರು ಕೋಟಿ ವರ್ಷ ಎಂದು ಪುಸ್ತಕಗಳು ಹೇಳುತ್ತವೆ. ಅವಳಿಗೆ ಬಂದದ್ದು ಐವತ್ತೆರಡು ಕೋಟಿ. ಮತ್ತೆ ಅಳೆದಳು. ಐವತ್ತೆರಡು. ಅವಳ ಪ್ರೊಫೆಸರು ಯಂತ್ರ ನೋಡಿ, ಲೆಕ್ಕ ನೋಡಿ, ಕೊನೆಗೆ ಅವಳ ಕಡೆ ನೋಡಿದರಂತೆ. ಅಳೆಯುವ ಮೊದಲು ಹರಳು ಉಜ್ಜಿದ್ದು ಸರಿಯಿಲ್ಲ, ನಿನ್ನ ಕೈ ಸರಿಯಿಲ್ಲ, ಇಂಥ ಕೈಗೆ ಯಂತ್ರ ಕೊಟ್ಟದ್ದೇ ತಪ್ಪು ಎಂದು ಎಲ್ಲರೆದುರಿಗೆ ಅಂದರಂತೆ. ಮೂರನೇ ಸಲವೂ ಐವತ್ತೆರಡೇ ಬಂದಾಗ ವಿಚಾರ ಸಂಕಿರಣದಿಂದ ಅವಳ ಹೆಸರು ತೆಗೆಸಿದರು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಕನ್ನಡಕ ಕೈಯಲ್ಲಿತ್ತು, ಕಣ್ಣು ಊದಿಕೊಂಡಿತ್ತು. ತುಂಬ ಮೆಲ್ಲಗೆ ಕೇಳಿದಳು.

“ಮೇಡಂ, ತಪ್ಪು ತಿಳ್ಕೋಬೇಡಿ. ಆ ಚೀಟಿ ಸರಿಯಾಗಿದೆಯಾ?”

ನನ್ನ ಬಾಯಿಂದ ಬಂತು, “ಸರಿಯಾಗಿದೆ.”

ಅವಳು ಥ್ಯಾಂಕ್ಸ್ ಹೇಳಿ ಹೋದಳು. ಹೌದು, ಹೇಳಿದವಳು ನಾನು, ನೀವಲ್ಲ. ಕೆಲಸ ಹೋಗುತ್ತದೆಂಬ ಭಯ. ಅಮ್ಮನ ಕಣ್ಣಿನ ಆಪರೇಷನ್ ಇತ್ತು, ಮನೆ ಬಾಡಿಗೆ ಇತ್ತು, ಕಾರಣ ಹುಡುಕಿದರೆ ಬೇಕಾದಷ್ಟಿತ್ತು. ಆದರೂ ಆ ಒಂದು ಮಾತಿಗೆ ನಿಮ್ಮನ್ನು ಎಂದೂ ಕ್ಷಮಿಸಲಾರೆ. ಇದರಲ್ಲಿ ನ್ಯಾಯವಿಲ್ಲ ಎನ್ನುತ್ತೀರಾ? ನನಗೂ ಗೊತ್ತು.

ಹತ್ತು ದಿನ ಕಳೆದವು. ಬೇರೆ ಯಾವುದೋ ಕಾಗದ ಕೊಡಲು ಲ್ಯಾಬಿಗೆ ಹೋದರೆ ಅವಳು ತನ್ನ ಮೇಜು ಖಾಲಿ ಮಾಡುತ್ತಿದ್ದಳು. ರಟ್ಟಿನ ಪೆಟ್ಟಿಗೆಗೆ ಪುಸ್ತಕ, ಚಪ್ಪಲಿ, ನೀರಿನ ಬಾಟಲಿ. ಊರಿಗೆ ಹೋಗಿ ಅಕ್ಕನ ಅಂಗಡಿಯಲ್ಲಿ ಕೂರುತ್ತಾಳಂತೆ. ಲ್ಯಾಬು ತನ್ನಂಥವರಿಗಲ್ಲವಂತೆ. ಮೂರು ಸಲವೂ ತಪ್ಪದ ಕೈ ಅದು. ತನ್ನ ಕೈಯನ್ನೇ ನಂಬದ ಹಾಗೆ ಮಾಡಿಬಿಟ್ಟೆವಲ್ಲ, ನೀವೂ ನಾನೂ.

ನೇರ ಮನೆಗೆ ಹೋದೆ. ಅಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ಇಡುವ ಕಲ್ಲಿದೆಯಲ್ಲ, ಅದೂ ಅಪ್ಪ ಅದೇ ಬಿಳಿ ಪಟ್ಟೆಯಿಂದ ತಂದದ್ದು. ಸರಿಯಾಗಿ ನೋಡಿದರೆ ಅದರಲ್ಲಿ ಕಂದು ಕಾಳುಗಳಿವೆ. ಪ್ರತಿ ಕಾಳಿನ ಸುತ್ತ ಕಲ್ಲು ಕೆಂಪಾಗಿ, ಕೂದಲಿನಂಥ ಬಿರುಕು ಬಿಟ್ಟಿದೆ. ಅದನ್ನು ಚೀಲದಲ್ಲಿ ಹೊತ್ತು ಲ್ಯಾಬಿಗೆ ತಂದು ಅವಳ ಖಾಲಿ ಮೇಜಿನ ಮೇಲಿಟ್ಟೆ. ಇದನ್ನು ಅಳೆ ಎಂದೆ. ಯಾಕೆ ಎಂದು ಕೇಳಿದಳು. ನಿಂತಲ್ಲೇ ಎಲ್ಲ ಹೇಳಿದೆ, ಚಹಾ ನೀರಿನಿಂದ ಹಿಡಿದು.

ನಾಲ್ಕು ದಿನದ ಮೇಲೆ ಫಲಿತಾಂಶ ಬಂತು. ಐವತ್ತೆರಡು ಕೋಟಿ. ಪ್ರೊಫೆಸರು ಎಲ್ಲರೆದುರಿಗೆ ಕ್ಷಮೆ ಕೇಳಿದರಂತೆ. ಬೈದಷ್ಟು ಜೋರಾಗಿ ಅಲ್ಲ, ಆದರೂ ಕೇಳಿದರು. ಸಂಕಿರಣದಲ್ಲಿ ಅವಳ ಹೆಸರು ಮತ್ತೆ ಸೇರಿದೆ. ಬಾಗಿಲ ಕಲ್ಲನ್ನು ವಾಪಸು ತಂದುಕೊಟ್ಟಾಗ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ನೀವು ಅವತ್ತೇ ಹೇಳಬಹುದಿತ್ತು,” ಎಂದಳು. ಅಷ್ಟೇ. ಮರುದಿನ ಕಾರಿಡಾರಿನಲ್ಲಿ ಎದುರಾದಾಗ ಗೋಡೆಯ ಕಡೆ ನೋಡಿದಳು. ನೋಡಲಿ.

ಆಮೇಲೆ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ನಂಬಲಿಲ್ಲ. ಈ ಚೀಟಿ ಬರೆದವರು ಯಾರೆಂದು ನನಗೆ ಹೇಗೆ ಗೊತ್ತು ಎಂದು ಕೇಳಿದರು. ಅವರದೇ ಪೆನ್ನು ತೆಗೆದುಕೊಂಡು, ಅವರದೇ ಕಾಗದದ ಮೇಲೆ ಅದೇ ಬಾಗಿದ ಅಕ್ಷರದಲ್ಲಿ ಅದೇ ಸಾಲುಗಳನ್ನು ಬರೆದು ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲವನ್ನೂ ಬರೆದು ಕೊಡಲು ಹೇಳಿ, ಕಪಾಟುಗಳ ಬೀಗದ ಕೈಗಾಗಿ ಅಂಗೈ ಚಾಚಿದರು. ವಿಚಾರಣೆ ಮುಗಿಯುವವರೆಗೆ ನಾನು ಮನೆಯಲ್ಲೇ. ಮುಗಿದ ಮೇಲೂ ಮನೆಯಲ್ಲೇ ಎಂದು ಬೇರೆ ಹೇಳಬೇಕಿಲ್ಲ.

ನಾನು ಬರೆದ ಸುಳ್ಳು ಚೀಟಿಗಳನ್ನು ನೆನಪಿನಿಂದ ಪಟ್ಟಿ ಮಾಡಿ ಕೊಟ್ಟಿದ್ದೇನೆ. ನಲವತ್ತಮೂರು. ಕೆಲವು ನಮ್ಮಲ್ಲೇ ಇವೆ, ಕೆಲವು ಬೇರೆ ಮ್ಯೂಸಿಯಂಗಳಲ್ಲಿ, ಉಳಿದವು ಯಾರ ಯಾರ ಮನೆಯ ಶೋಕೇಸಿನಲ್ಲೋ. ಬರೆದವಳು ನಾನು ಎಂದು ಮೊದಲ ಸಾಲಿನಲ್ಲೇ ಇದೆ, ಬರೆಸಿದವರು ನೀವು ಎಂದು ಎರಡನೆಯದರಲ್ಲಿ. ಅದರ ಪ್ರತಿ ಇದರೊಂದಿಗಿದೆ.

ಪ್ರತಿಯೊಂದು ಕಲ್ಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಅವು ನಿಜವಾಗಿ ಎಲ್ಲಿ ಸಿಕ್ಕಿದವು ಎಂದು ಬಲ್ಲವರು ಈ ಲೋಕದಲ್ಲಿ ನೀವೊಬ್ಬರೇ. ಯಾವ ಗಣಿ, ಯಾವ ಹೊಳೆದಂಡೆ, ಯಾರ ಕೈಯಿಂದ ಕೊಂಡದ್ದು, ತುಂಬಿ ಕಳಿಸಿ. ಮರೆತಿದ್ದರೆ ಮರೆತಿದ್ದೇನೆ ಎಂದು ಬರೆಯಿರಿ. ಇನ್ನೊಂದು ಊರು ಕಟ್ಟಿ ಕಳಿಸಿದರೆ ನನಗೆ ಗೊತ್ತಾಗುತ್ತದೆ. ನಿಮ್ಮ ಸುಳ್ಳಿನ ರುಚಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ಅಪ್ಪನ ಕಲ್ಲು ನನಗೆ ವಾಪಸು ಬರುವುದಿಲ್ಲ. ಡಾಕ್ಟರು ಮೋಸವಿಲ್ಲದೆ ಕೊಂಡದ್ದು, ಮೋಸವಿಲ್ಲದೆ ಕೊಟ್ಟದ್ದು, ಮ್ಯೂಸಿಯಂನಲ್ಲೇ ಇರಲಿ. ಹೊಸ ಚೀಟಿಯನ್ನು ಬೇರೆಯವರು ಟೈಪು ಮಾಡಿದ್ದಾರೆ. ಅಪ್ಪನ ನಾಲ್ಕು ಮಾತಿನಲ್ಲಿ ಕೊನೆಯದನ್ನು ಬಿಟ್ಟು ಉಳಿದ ಮೂರನ್ನು ಹಾಕಿದ್ದಾರೆ. ಬಿಡಿಸಿದವಳು ನಾನೇ.

ಉತ್ತರವನ್ನು ಮ್ಯೂಸಿಯಂಗೆ ಕಳಿಸಿ, ನನಗಲ್ಲ.

ಇಂತಿ,
ನಿಮ್ಮ ಚೀಟಿ ಬರೆಯುತ್ತಿದ್ದವಳು

ಮರೆತ ಮಾತು: ಆ ಹುಡುಗಿಗೆ ‘ಸರಿಯಾಗಿದೆ’ ಎಂದದ್ದು ಕೆಲಸದ ಭಯಕ್ಕೆ ಎಂದು ಮೇಲೆ ಬರೆದಿದ್ದೇನೆ. ಮುಖ್ಯಸ್ಥರಿಗೂ ಹಾಗೇ ಬರೆದುಕೊಟ್ಟಿದ್ದೇನೆ. ನಿಜ ಅದಲ್ಲ. ಅವಳು ಕೇಳಿದಾಗ ಕೆಲಸವೂ ನೆನಪಾಗಲಿಲ್ಲ, ಅಮ್ಮನೂ ನೆನಪಾಗಲಿಲ್ಲ. ಪೊಲೀಸರು ಬಂದು ನಿಮ್ಮ ಬಾಗಿಲು ಬಡಿಯುವುದು, ಒಬ್ಬರೇ ಇರುವ ಮನೆಯಲ್ಲಿ ನೀವು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಎದ್ದು ಬರುವುದು, ಅದೊಂದೇ ಕಣ್ಣ ಮುಂದೆ ಬಂತು. ನಿಮ್ಮನ್ನು ಬಿಟ್ಟು ಬಂದು ಎರಡು ವರ್ಷವಾದ ಮೇಲೂ. ನನಗೆ ಇಷ್ಟು ಸಿಟ್ಟು ಬಂದಿರುವುದು ಅದಕ್ಕೇ.