ಐದು ತೂತಿನ ಮುಚ್ಚಳ

ಶುಕ್ರವಾರ ಸಂಜೆ

ತಮ್ಮ ತಂಗಿಯ ಮನೆ ಸೇರಿಕೊಂಡಿರುವ ನಮ್ಮ ಮನೆಯವರಿಗೆ ನಮಸ್ಕಾರ.

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಈ ತಿಂಗಳಿಡೀ ನಿಮ್ಮನ್ನು ಕಳ್ಳ ಅಂದುಕೊಂಡಿದ್ದೆ.

ನೀರಿನ ಪಂಪ್ ಮಾಡುವವರಿಗೆ ಐದು ತೂತಿನ ಮುಚ್ಚಳ ಮಾಡಿಕೊಡಲು ಒಪ್ಪಿದ್ದೆ. ಹಿತ್ತಿಲ ಶೆಡ್ಡಿನಲ್ಲಿ ನಾನೊಬ್ಬಳೇ. ಹ್ಯಾಂಡಲ್ ಸುತ್ತಿದರೆ ತಿರುಗುವ ರೋಟರಿ ಟೇಬಲ್ ಮೇಲೆ ಕಬ್ಬಿಣದ ತಟ್ಟೆ ಬಿಗಿದು, ನಟ್ಟನಡುವೆ ಸೆಂಟರ್ ಹಿಡಿದು, ಹ್ಯಾಂಡಲ್ ಸುತ್ತು ಎಣಿಸಿ ಎಪ್ಪತ್ತೆರಡು ಡಿಗ್ರಿ ತಿರುಗಿಸಿ, ಪ್ರತಿ ಸಲ ಟೇಬಲ್ ಅಲುಗದಂತೆ ಲಾಕ್ ಮಾಡಿ ಕೊರೆದೆ. ಮೂರು ತೂತಾದ ಮೇಲೆ ಪೇಟೆಗೆ ಹೋಗಿಬಂದು ಉಳಿದೆರಡು ಮುಗಿಸಿದೆ. ಮೂರು ಬೋಲ್ಟ್ ಸಲೀಸಾಗಿ ಕೂತವು, ಎರಡು ಒಲ್ಲೆ ಅಂದವು. ಎರಡನೇ ತಟ್ಟೆಯನ್ನೂ ನಡುವೆ ಬಿಟ್ಟು ಪೇಟೆಗೆ ಹೋಗಿದ್ದೆ, ಅದರದೂ ಅದೇ ಹಣೆಬರಹ. ಇನ್ನೊಂದು ಕೆಟ್ಟರೆ ಕೆಲಸ ಬೇರೆಯವರಿಗೆ ಎಂದು ಪಂಪಿನವರು ಹೇಳಿಕಳಿಸಿದರು.

ಮನೆ ಬಿಟ್ಟು ಹೊರಡುವಾಗ ನೀವು ಅಂದ ಮಾತು ನೆನಪಾಯಿತು. "ನಾನಿಲ್ದೆ ಐದು ತೂತು ಸಮವಾಗಿ ಕೊರಿ, ನೋಡೋಣ." ಶೆಡ್ಡಿನ ಇನ್ನೊಂದು ಕೀಲಿ ಇರುವುದೂ ನಿಮ್ಮ ಹತ್ತಿರವೇ. ಮುಂದಿನ ಸಲ ಟೇಬಲ್ಲಿನ ಅಂಚಿಗೂ ಕೆಳಗಿನ ಪೀಠಕ್ಕೂ ಸೇರಿಸಿ ಪೆನ್ಸಿಲ್ ಗೆರೆ ಎಳೆದು ಹೋದೆ. ಬಂದು ನೋಡಿದರೆ ಗೆರೆ ಕೂದಲೆಳೆಯಷ್ಟು ಸರಿದಿದೆ. ಹೊಸ ಎಣ್ಣೆಯ ವಾಸನೆ ಬೇರೆ. ಹೆಂಡತಿ ಸೋಲಲಿ ಅಂತ ಇಷ್ಟು ಕೆಳಗಿಳಿದರಾ ಎಂದು ನಿಮ್ಮನ್ನು ಬೈದುಕೊಂಡೆ.

ನಿನ್ನೆ ಪೇಟೆಗೆ ಹೊರಟವಳ ಹಾಗೆ ನಟಿಸಿ, ವಾಪಸ್ಸು ಬಂದು, ಬಾಗಿಲ ಬೀಗ ಹಾಗೇ ಬಿಟ್ಟು ಶೆಡ್ಡಿನ ಕಿಟಕಿಯಿಂದ ಒಳನುಸುಳಿ, ಲೇತ್ ಯಂತ್ರದ ಹಿಂದೆ ಅವಿತು ಕೂತೆ. ನಿಮ್ಮ ಕೀಲಿಯಿಂದ ಬೀಗ ತೆಗೆದು ಬಂದವರು ನೀವಲ್ಲ, ನಿಮ್ಮ ತಂಗಿಯ ಮನೆಯಲ್ಲಿರುವ ಅತ್ತೆ! ಡಾಕ್ಟರ ಹತ್ತಿರ ಹೋಗುತ್ತೇನೆಂದು ಮಗಳಿಗೆ ಹೇಳಿ ಬಸ್ಸು ಹತ್ತಿದ್ದರಂತೆ. ಟೇಬಲ್ ಒರೆಸಿ, ಎಣ್ಣೆ ಬಿಟ್ಟು, ಲಾಕ್ ಸಡಿಲಿಸಿ ಹ್ಯಾಂಡಲ್ ತಿರುಗಿಸಿದರು. ಆಮೇಲೆ ಕಣ್ಣಂದಾಜಿನಲ್ಲಿ ಮೊದಲಿದ್ದ ಕಡೆ ತಂದು ನಿಲ್ಲಿಸಿದರು. ನಾನು ಎದ್ದು ನಿಂತದ್ದೇ ತಡ, ಅವರ ಕೈಯಿಂದ ಎಣ್ಣೆ ಡಬ್ಬಿ ಜಾರಿಬಿತ್ತು.

"ತುಕ್ಕು ಹಿಡಿಯುತ್ತೆ, ತಿರುಗಿಸ್ತಾ ಇರು ಅಂತ ನಿನ್ನ ಗಂಡನೇ ಅಂದ ಕಣಮ್ಮ," ಅಂದರು. ಡಬ್ಬಿ ಎತ್ತಿಕೊಳ್ಳುತ್ತಾ ಮೆಲ್ಲಗೆ, "ಅದೆಲ್ಲ ನೆಪ. ಅವಳು ಪೇಟೆಗೆ ಹೋದಾಗ ಅಡುಗೆಮನೆ ಕಿಟಕೀಲಿ ಇಣುಕಿ, ಒಲೆ ಹಚ್ಚಿದಾಳಾ, ಊಟ ಮಾಡಿದಾಳಾ ನೋಡ್ಕೊಂಡು ಬಾ ಅಂದ."

ಇದು ಅಕ್ಕರೆಯೋ ಬೇಹುಗಾರಿಕೆಯೋ, ನನಗಿನ್ನೂ ಬಗೆಹರಿಯುತ್ತಿಲ್ಲ. ಉಂಡೆಯಾ ಅಂತ ನನ್ನನ್ನೇ ಕೇಳಿದ್ದರೆ ಗಂಟೇನು ಹೋಗುತ್ತಿತ್ತು? ಇವತ್ತು ಎಲ್ಲಿಗೂ ಏಳದೆ ಐದೂ ಕೊರೆದೆ. ಐದೂ ಬೋಲ್ಟ್ ಕೂತವು. ನಿಮಗೆ ತಿಳಿದಿರಲಿ.

ಇಂತಿ,
ಅನುಮಾನ ಪೂರ್ತಿ ಬಿಡದ
ನಿಮ್ಮಾಕೆ

ತಾ.ಕ.: ಅತ್ತೆ ಇಲ್ಲೇ ಉಳಿದಿದ್ದಾರೆ. ಮಗನೇ ಬಂದು ಕರೆದರೆ ಮಾತ್ರ ಹೊರಡುತ್ತಾರಂತೆ. ಹಾಗನ್ನಿ ಅಂತ ಹೇಳಿಕೊಟ್ಟವಳು ನಾನೇ.