ಅಪ್ಪ ಕುಡಿದಿರಲಿಲ್ಲ

೧೪ ಮಾರ್ಚ್, ಶನಿವಾರ

ತಮ್ಮನಿಗೆ,

ನಾವಿಲ್ಲಿ ಕ್ಷೇಮ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಇದ್ದದ್ದು ಕೆಲಸದ ಗಡಿಬಿಡಿಯಿಂದಲ್ಲ, ನಿನ್ನ ಅಕ್ಷರ ಕಂಡರೇ ಮೈ ಉರಿಯುತ್ತಿತ್ತು. ತಡವಾಯಿತು, ಕ್ಷಮಿಸು ಅಂತ ಬರೆಯುವುದು ವಾಡಿಕೆ. ಬರೆದಿದ್ದೇನೆ, ಆಯಿತಲ್ಲ.

ಅಪ್ಪ ಕುಡಿದು ಕುಡಿದೇ ಸತ್ತರು ಅಂತ ಬಸ್ ಡಿಪೋದಲ್ಲಿ ಈಗಲೂ ಹೇಳುತ್ತೀಯಂತೆ. ಕಂಡಕ್ಟರ್ ಮಾವ ಹೇಳಿದರು. ಹಾಗಾದರೆ ಹೃದಯದ ಡಾಕ್ಟರಮ್ಮ ಹೇಳಿದ್ದನ್ನು ಕಣ್ಣು ಬಿಟ್ಟು ಓದು.

ಕೊನೆಗಾಲದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಅಪ್ಪನ ಹೃದಯದಿಂದ ಒಂದು ಚೂರು ತೆಗೆದು, ಕೆಂಪು ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ವಿಶೇಷ ಬೆಳಕಿಗೆ ಹಿಡಿದರು. ನನ್ನನ್ನೂ ಕರೆದು ತೋರಿಸಿದರು. ಹಸಿರು ಹೊಳೆಯುತ್ತಿತ್ತು.

"ಲಿವರ್‌ನಲ್ಲಿ ಒಂದು ಪ್ರೋಟೀನ್ ತಯಾರಾಗುತ್ತೆ. ನಾಲ್ಕು ನಾಲ್ಕು ಜೊತೆಯಾಗಿ ರಕ್ತದಲ್ಲಿ ಓಡಾಡ್ಬೇಕು. ನಿಮ್ಮಪ್ಪಂಗೆ ಹುಟ್ಟಿನಿಂದ್ಲೇ ಅದ್ರಲ್ಲಿ ಸಣ್ಣ ದೋಷ. ಬೇಗ ಬಿಡಿಬಿಡಿಯಾಗುತ್ತೆ, ಬಿಡಿಯಾದದ್ದು ತಪ್ಪಾಗಿ ಮಡಚಿಕೊಳ್ಳುತ್ತೆ. ತಪ್ಪಿದ್ದೆಲ್ಲ ಒಂದಕ್ಕೊಂದು ಅಂಟಿ ಎಳೆಯಾಗುತ್ತೆ. ಆ ಎಳೆ ಕರಗಲ್ಲ, ನರದಲ್ಲಿ, ಹೃದಯದಲ್ಲಿ ಕೂತ್ಬಿಡುತ್ತೆ" ಅಂದರು. ಅದಕ್ಕೇ ಅಪ್ಪನ ಪಾದ ಮರಗಟ್ಟಿದ್ದು. ಅದಕ್ಕೇ ಎದ್ದು ನಿಂತರೆ ತಲೆ ಸುತ್ತಿ ತೂರಾಡುತ್ತಿದ್ದದ್ದು.

ಅಪ್ಪ ಬಸ್ಸಿನ ಡ್ರೈವರ್ ಸೀಟಿನಿಂದ ಇಳಿದು ತೂರಾಡಿದ ದಿನ ಡಿಪೋ ಮೇಲ್ವಿಚಾರಕ ಸಾಹೇಬರು, ತಾವು, ಏನು ಮಾಡಿದಿರಿ? ಇಪ್ಪತ್ತು ಜನರ ಮುಂದೆ ನೀನು ಅವರ ಕೈಯಿಂದ ಕೀ ಕಿತ್ತುಕೊಂಡು "ಮತ್ತೆ ಏರಿಸ್ಕೊಂಡ್ ಬಂದ್ರಾ?" ಅಂದೆ. "ಕಾಲು ನನ್ನ ಮಾತು ಕೇಳ್ತಿಲ್ಲ ಮಗಾ" ಅಂದರು ಅಪ್ಪ. ನೀನು ನಕ್ಕೆ. ಊದಿಸಿ ನೋಡುವ ಯಂತ್ರ ನಿನ್ನ ಮೇಜಿನ ಮೇಲೇ ಇತ್ತು. ಅಮ್ಮ ತೀರಿಕೊಂಡ ವರ್ಷ ಅಪ್ಪ ಕುಡಿದದ್ದು ನಿಜ. ಆಮೇಲೆ ಹದಿನಾರು ವರ್ಷ ಮುಟ್ಟಿರಲಿಲ್ಲ. ನೀನು ವರದಿ ಬರೆದು ಕೆಲಸದಿಂದ ತೆಗೆಸಿದೆ, ಸ್ವಂತ ಅಪ್ಪನನ್ನೂ ಬಿಡದ ಪ್ರಾಮಾಣಿಕ ಅಂತ ಬೆನ್ನು ತಟ್ಟಿಸಿಕೊಂಡೆ.

ಇದು ವಂಶದಲ್ಲಿ ಬರುವ ಕಾಯಿಲೆ. ನಮ್ಮಿಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ನನ್ನ ಪರೀಕ್ಷೆಯಲ್ಲಿ ದೋಷವಿಲ್ಲ ಅಂತ ಬಂತು. ನಿನ್ನ ಹೆಂಡತಿ ಫೋನಿನಲ್ಲಿ, "ಅತ್ತಿಗೆ, ಇವ್ರಿಗೆ ಬೆರಳು ಜುಮ್ಮನ್ನುತ್ತೆ, ಅಂಗಿ ಗುಂಡಿ ಹಾಕಕ್ಕಾಗಲ್ಲ, ಕೇಳಿದ್ರೆ ರೇಗ್ತಾರೆ" ಅಂತ ಅತ್ತಳು. ರೇಗು, ಆದರೆ ಪರೀಕ್ಷೆ ಮಾಡಿಸಿಕೋ. ಆ ನಾಲ್ಕನ್ನು ಬಿಡಿಯಾಗದಂತೆ ಹಿಡಿದಿಡುವ ಮಾತ್ರೆ ಇದೆ, ಬೇಗ ಶುರುಮಾಡಬೇಕಂತೆ. ಅಪ್ಪನಿಗೆ ಆ ಹೊತ್ತು ಸಿಗಲಿಲ್ಲ. ಕುಡುಕ ಅನ್ನಿಸಿಕೊಳ್ಳುವುದರಲ್ಲೇ ಮೂರು ವರ್ಷ ಹೋಯಿತು.

ಮರುಕದಿಂದ ಬರೆದೆ ಅಂದುಕೊಳ್ಳಬೇಡ. ನಿನಗೆ ಪುಟ್ಟ ಮಗಳಿದ್ದಾಳೆ, ಅದಕ್ಕೆ ಬರೆದೆ. ಅವಳಿಗೆ ನನ್ನ ಆಶೀರ್ವಾದ. ನಿನಗೂ, ಬಾಯಿಗೆ ಬರುತ್ತಿಲ್ಲ, ಆದರೂ, ಚೆನ್ನಾಗಿ ಬಾಳು.

ಇಂತಿ,
ನಿನ್ನ ಅಕ್ಕ

ತಾ.ಕ.: ಕೆಲಸ ಹೋದ ಸಂಜೆ ಅಪ್ಪ ನಮ್ಮ ಮನೆಗೆ ಬಂದಿದ್ದರು. ಗೋಡೆ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋಗಿ ಅವರ ಬಾಯಿ ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. "ಒಳಗೆ ಬರ್ಲೇನಮ್ಮ?" ಅಂದರು. ನಾನು ನಿನ್ನ ಮಾತನ್ನೇ ನಂಬಿ ಬಾಗಿಲು ಹಾಕಿದೆ.